ಕೋಚ್ ಅಂದ್ರೆ ಸರಿ, ಸಂಬಳ ಎಷ್ಟು?

ಬಟ್ಟೆ ನೆನೆಹಾಕೋ ಮುಂಚೆ ಜೇಬು ತಡಕೋದು ನನ್ನ ಅಭ್ಯಾಸ. ನಮ್ಮನೆ ಗಂಡಸ್ರ ಜೇಬಲ್ಲಿ ಇಷ್ಟು ವರ್ಷದಲ್ಲಿ ಏನೇನು ಸಿಕ್ಕಿದೆ ಅಂತ ಬರೆಯೋಕೆ ಕೂತ್ರೆ ಅದೇ ಒಂದು ಪುಸ್ತಕ ಆಗುತ್ತೆ. ಮೊನ್ನೆ ಸೋಮವಾರ ಚಿಕ್ಕೋನ ಟ್ರ್ಯಾಕ್ ಪ್ಯಾಂಟ್ ಜೇಬಲ್ಲಿ ನಾಲ್ಕು ಮಡಿಕೆ ಮಡಚಿದ ಕಾಗದ ಸಿಕ್ತು. ಬಿಚ್ಚಿ ನೋಡಿದ್ರೆ ಬಿ.ಪಿ.ಎಡ್. ಅರ್ಜಿ. ಹೆಸರು, ಹುಟ್ಟಿದ ತಾರೀಕು, ಆಡಿದ ಟೂರ್ನಮೆಂಟುಗಳ ಪಟ್ಟಿ ಎಲ್ಲಾ ತುಂಬಿದ್ದಾನೆ. ಪೋಷಕರ ಸಹಿ ಅನ್ನೋ ಜಾಗ ಮಾತ್ರ ಖಾಲಿ.

ಇದೇ ಹುಡುಗನಿಗೆ ಮಾನ್ಯತಾ ಕಡೆ ಒಂದು ಕಂಪನಿಯಿಂದ ಕೆಲಸದ ಪತ್ರ ಬಂದು ಹದಿನೈದು ದಿನ ಆಗಿತ್ತು. ಬಿ.ಕಾಂ. ಮುಗಿಸಿದ್ದಾನೆ, ಲೆಕ್ಕ ಚೆನ್ನಾಗಿ ಬರುತ್ತೆ. ಕ್ಯಾಬ್ ಮನೆ ಬಾಗಿಲಿಗೇ ಬರುತ್ತಂತೆ ಅಂತ ನಾನು ಬೀದಿಯಲ್ಲೆಲ್ಲಾ ಹೇಳ್ಕೊಂಡೂ ಬಂದಿದ್ದೆ. ಹಿಂಗಿರುವಾಗ ಈ ಕಾಗದ.

“ಏನೋ ಇದು?” ಅಂದೆ.

“ಅಮ್ಮ, ಹೇಳ್ಬೇಕು ಅಂತಾನೇ ಇದ್ದೆ.”

“ಪ್ಯಾಂಟ್ ಜೇಬಿನಿಂದ ಹೇಳ್ತಾರೇನೋ ಯಾರಾದ್ರೂ?”

ಅವನು ಕೋಚ್ ಆಗ್ಬೇಕಂತೆ. ಅದೂ ಬೇಸ್‌ಬಾಲ್, ಸಾಫ್ಟ್‌ಬಾಲ್‌ಗೆ. ಕ್ರಿಕೆಟ್ ಅಂದಿದ್ರೂ ಒಂದು ಮಾತು.

ಈ ಬರಹ ನನ್ನ ಮಗನ ಬಗ್ಗೆ ಅಲ್ಲ. ಅವನ ನೆಪದಲ್ಲಿ ಕೋಚ್ ಅನ್ನೋರು ಎಲ್ಲಿಂದ ಬರ್ತಾರೆ, ಹೆಂಗೆ ಬದುಕ್ತಾರೆ ಅಂತ ಹದಿನೈದು ದಿನ ತಲೆ ಕೆಡಿಸ್ಕೊಂಡು ವಿಚಾರಿಸಿದೆ. ಅದರಿಂದ ನನಗೆ ಬಂದ ಸಿಟ್ಟನ್ನ ಇಲ್ಲಿ ಹಾಕ್ತಾ ಇದ್ದೀನಿ.

ಮೊದಲು ನಮ್ಮನೆ ವಿಷಯ. ಕುಕ್ ಟೌನ್ ಅಂದ ತಕ್ಷಣ ಹಳೇ ಬಂಗಲೆ, ಮಂಗಳೂರು ಹೆಂಚು, ಮುಂದೆ ಮಾವಿನ ಮರ ಅಂದ್ಕೋಬೇಡಿ. ನಮ್ದು ಜೀವನಹಳ್ಳಿ ಕಡೆ ತಿರುಗೋ ಅಡ್ಡರಸ್ತೆ. ಈಸ್ಟ್ ಸ್ಟೇಷನ್ ರೈಲು ಹೋದ್ರೆ ಡಬ್ಬಿ ಅಲ್ಲಾಡುತ್ತೆ. ನಾನು ಮಾಲೂರು ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದಾಗ ಬೀದಿಯಲ್ಲಿ ತಮಿಳು, ಉರ್ದು, ಇಂಗ್ಲಿಷ್ ಎಲ್ಲಾ ಕಿವಿಗೆ ಬೀಳ್ತಿತ್ತು, ಕನ್ನಡ ಹುಡುಕ್ಬೇಕಿತ್ತು. ಬಂದ ಮೊದಲನೇ ವಾರವೇ ಗೊತ್ತಾದ ಇನ್ನೊಂದು ವಿಷಯ ಅಂದ್ರೆ, ಈ ಕಂಟೋನ್ಮೆಂಟ್ ಕಡೆ ಜನಕ್ಕೆ ಫುಟ್‌ಬಾಲ್ ಹುಚ್ಚು. ನಮ್ಮ ಮೈದುನ ಒಂದು ಸರ್ಕಾರಿ ಫ್ಯಾಕ್ಟ್ರಿ ಟೀಮಿಗೆ ಆಡ್ತಿದ್ರು. ಮಧ್ಯಾಹ್ನದವರೆಗೆ ಕೆಲಸ, ಆಮೇಲೆ ಪ್ರಾಕ್ಟೀಸ್. ಸಂಜೆ ಮನೆಗೆ ಬಂದ್ರೆ ಒಂದು ಸೇರು ರಾಗಿ ಹಿಟ್ಟಿನ ಮುದ್ದೆ ಅವರೊಬ್ಬರಿಗೇ ಬೇಕು ಅನ್ನೋ ಹಂಗೆ ಉಣ್ಣೋರು.

ಆ ಕಾಲದಲ್ಲಿ ಬೆಂಗಳೂರಲ್ಲಿ ಆಟಗಾರ ಹೊಟ್ಟೆ ಹೊರೆದದ್ದೇ ಹಿಂಗೆ. ದೂರವಾಣಿನಗರದ ಐ.ಟಿ.ಐ., ವಿಮಾನಪುರದ ಎಚ್.ಎ.ಎಲ್., ಹಲಸೂರಿನ ಎಂ.ಇ.ಜಿ. ಸೈನ್ಯದವರು, ಎಲ್ಲರಿಗೂ ಟೀಮು ಇತ್ತು. ಆಡೋ ಹುಡುಗನಿಗೆ ಕೆಲಸ ಕೊಡ್ತಿದ್ರು. ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಯಿಂದ ಬಂದ ಹುಡುಗರಿಗೆ ಅದೇ ಐ.ಎ.ಎಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ನಮ್ಮ ದೇಶಕ್ಕೆ ಗೋಲು ಹೊಡೆದ ರಾಮನ್ ಬೆಂಗಳೂರಿನವರು. 2-1ರಲ್ಲಿ ಸೋತ್ವಿ, ಆದ್ರೂ ಸ್ವತಂತ್ರ ಭಾರತದ ಮೊದಲನೇ ಒಲಿಂಪಿಕ್ ಗೋಲು ಅದು. ಮೈಸೂರು ತಂಡ ಸಂತೋಷ್ ಟ್ರೋಫಿ ನಾಲ್ಕು ಸಲ ಗೆದ್ದಿತ್ತು, ಕೊನೇದು 1968-69ರಲ್ಲಿ.

ಇಂಥ ಆಟಗಾರರಿಗೆ ವಯಸ್ಸಾಗಿ ಮಂಡಿ ಹೋದ ಮೇಲೆ ಏನ್ಮಾಡಿದ್ರು? ಕೋಚ್ ಆದ್ರು. ನಮ್ಮ ಮೈದುನನೂ ಆದ್ರು. ಬೆಳಗ್ಗೆ ಐದೂವರೆಗೆ ಹೋಗಿ ಬೀದಿ ಹುಡುಗರನ್ನ ಎಬ್ಬಿಸಿ ಮೈದಾನಕ್ಕೆ ಕರ್ಕೊಂಡು ಹೋಗೋರು. ಒಂದು ರೂಪಾಯಿ ತಗೊಂಡೋರಲ್ಲ. “ಎಂಥಾ ದೊಡ್ಡ ಮನಸ್ಸು” ಅಂತ ಊರೆಲ್ಲಾ ಹೊಗಳ್ತು, ನಾನೂ ಹೊಗಳಿದೆ. ಈಗ ಯೋಚನೆ ಮಾಡಿದ್ರೆ ಆ ದೊಡ್ಡ ಮನಸ್ಸಿನ ಹಿಂದೆ ತಿಂಗಳು ತಿಂಗಳು ಒಂದನೇ ತಾರೀಕು ಬರೋ ಫ್ಯಾಕ್ಟ್ರಿ ಸಂಬಳ ಇತ್ತು, ಕ್ಯಾಂಟೀನ್ ಊಟ ಇತ್ತು, ಆಸ್ಪತ್ರೆ ಕಾರ್ಡ್ ಇತ್ತು. ಪುಕ್ಕಟೆ ಕೋಚ್‌ಗೆ ಸಂಬಳ ಕೊಡ್ತಿದ್ದದ್ದು ಫ್ಯಾಕ್ಟ್ರಿ! ಅವರನ್ನ ಕಡಿಮೆ ಮಾಡಿ ಹೇಳ್ತಿಲ್ಲ. ಅವರು ಮಾಡಿದ್ದು ಮಾಡಿದ್ದೇ. ಆದ್ರೆ ಆ ಫ್ಯಾಕ್ಟ್ರಿಗಳು ಹುಡುಗರನ್ನ ತಗೊಳ್ಳೋದು ಕಮ್ಮಿ ಮಾಡಿ ಎಷ್ಟೋ ವರ್ಷ ಆಯ್ತು. ಕೋಚ್ ಪುಕ್ಕಟೆ ಸಿಗ್ತಾನೆ ಅನ್ನೋ ನಮ್ಮ ಅಭ್ಯಾಸ ಮಾತ್ರ ಹಂಗೇ ಉಳ್ಕೊಂಡಿದೆ.

ಇನ್ನೊಂದು ಕಡೆಯಿಂದ ಬಂದೋರು ಸೈನ್ಯದವರು. ನಮ್ಮ ಊರಿನ ಸ್ಕೂಲಲ್ಲಿ ಡ್ರಿಲ್ ಮೇಷ್ಟ್ರು ಇದ್ರು, ಮಿಲಿಟ್ರಿಯಿಂದ ಬಂದೋರು. ಕಾಕಿ ನಿಕ್ಕರಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿರೋರು, ಕತ್ತಲ್ಲಿ ಸೀಟಿ. ಹೆಣ್ಮಕ್ಕಳಿಗೆ ಥ್ರೋಬಾಲ್ ಕಲಿಸಿದ್ದು ಅವರೇ. ಪಿ.ಟಿ. ಉಷಾ ಅವರನ್ನ ಓಡಿಸಿದ ನಂಬಿಯಾರ್ ಅವರೂ ವಾಯುಸೇನೆಯಲ್ಲಿ ಇದ್ದೋರು. 1984ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ತಪ್ಪಿತು, ಮುಂದಿನ ವರ್ಷ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದಾಗ ಮೊದಲು ತಗೊಂಡೋರಲ್ಲಿ ಅವರು ಒಬ್ಬರು. ನಮ್ಮ ಕಂಠೀರವದಲ್ಲಿ ಓಟಗಾರರನ್ನ ತಯಾರು ಮಾಡಿದ ಎನ್. ಲಿಂಗಪ್ಪ ಅವರಿಗೆ ಅದೇ ಪ್ರಶಸ್ತಿ ಬಂದದ್ದು 2014ರಲ್ಲಿ, ತುಂಬಾ ಇಳಿವಯಸ್ಸಿನಲ್ಲಿ. ಪ್ರಶಸ್ತಿ ತಡವಾದ್ರೆ ಪರವಾಗಿಲ್ಲ, ಸಂಬಳ ತಡವಾದ್ರೆ ಬಾಡಿಗೆ ಮನೆಯವರು ಸುಮ್ನಿರಲ್ಲ.

ಓದಿ ಬಂದೋರು ಮೂರನೇ ಥರ. ಹ್ಯಾರಿ ಬಕ್ ಅನ್ನೋ ಅಮೆರಿಕದವರು 1920ರಲ್ಲಿ ಮದ್ರಾಸಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದ್ರು. ದಕ್ಷಿಣದ ಎಷ್ಟೋ ಪೀಟಿ ಮೇಷ್ಟ್ರುಗಳ ತವರುಮನೆ ಅದು. 1961ರಲ್ಲಿ ಪಟಿಯಾಲದ ಮಹಾರಾಜರ ಅರಮನೆಯಲ್ಲಿ ಎನ್.ಐ.ಎಸ್. ಬಂತು. ಇವೆರಡೂ ಬೇರೆ ಬೇರೆ ಅನ್ನೋದು ನನಗೆ ಮೊನ್ನೆವರೆಗೂ ಗೊತ್ತಿರ್ಲಿಲ್ಲ. ಬಿ.ಪಿ.ಎಡ್. ಎರಡು ವರ್ಷದ್ದು, ಅದು ಮೇಷ್ಟ್ರು ಆಗೋಕೆ. ಎನ್.ಐ.ಎಸ್. ಡಿಪ್ಲೊಮಾ ಒಂದು ಆಟದಲ್ಲಿ ಕೋಚ್ ಆಗೋಕೆ. ಕಾಲೇಜಲ್ಲಿ ಪಿ.ಡಿ. ಸಾರ್ ಅಂತ ಕೂರ್ತಾರಲ್ಲ, ದೈಹಿಕ ಶಿಕ್ಷಣ ನಿರ್ದೇಶಕರು, ಅವರಾಗ್ಬೇಕಾದ್ರೆ ಎಂ.ಪಿ.ಎಡ್. ಮಾಡಿ, ಶೇಕಡಾ 55 ತಗೊಂಡು, ನೆಟ್ಟೋ ಕೆಸೆಟ್ಟೋ ಪಾಸ್ ಮಾಡ್ಬೇಕು. ಅದರ ಮೇಲೆ ಓಟದ ಪರೀಕ್ಷೆ ಬೇರೆ: ಮೂವತ್ತರೊಳಗಿನ ಗಂಡಸು 12 ನಿಮಿಷದಲ್ಲಿ 1800 ಮೀಟರ್. ಇದನ್ನ ಓದಿ ಹೇಳಿದಾಗ ನಮ್ಮನೆಯವರು, “ಲೆಕ್ಕದ ಮೇಷ್ಟ್ರಿಗೂ ಓಡ್ಸಿದ್ರೆ ಕಾಲೇಜು ಉದ್ಧಾರ ಆಗ್ತದೆ” ಅಂದ್ರು.

ಇಷ್ಟೆಲ್ಲಾ ಓದಿದ ಪಿ.ಡಿ. ಒಬ್ಬರೇ ಇರ್ತಾರೆ ಕಾಲೇಜಿಗೆ. ಅವರಿಗೆ ಕಬಡ್ಡಿ, ವಾಲಿಬಾಲ್, ಕೇರಂ, ಯೋಗ ದಿನಾಚರಣೆ, ಆಗಸ್ಟ್ 15ರ ಪೆರೇಡು ಎಲ್ಲಾ ತಲೆ ಮೇಲೆ. ಬೇಸ್‌ಬಾಲ್ ಹುಡುಗರನ್ನ ನೋಡೋರು ಯಾರು? ಅಲ್ಲಿಗೇ ಬಂದೆ.

ನನ್ನ ಮಗ ಆಡೋ ಆಟ ನನಗೆ ಪೂರ್ತಿ ಅರ್ಥ ಆಗಿಲ್ಲ. ಸಾಫ್ಟ್‌ಬಾಲಲ್ಲಿ ಕೈ ಕೆಳಗಿಂದ ಎಸೀತಾರೆ, ಬೇಸ್‌ಬಾಲಲ್ಲಿ ಮೇಲಿಂದ. ಅದರ ಚೆಂಡು ಚಿಕ್ಕದು, ಮೈದಾನ ದೊಡ್ಡದು. ಹೊಡೆದು ನಾಲ್ಕು ಮೂಲೆ ಸುತ್ತಿ ಮನೆಗೆ ಬರ್ಬೇಕು. ನಾವು ಚಿಕ್ಕವರಿದ್ದಾಗ ಆಡ್ತಿದ್ದ ಚೌಕಾಬಾರದ ಕಾಯಿ ಥರ, ಆದ್ರೆ ಮಣ್ಣಲ್ಲಿ ಜಾರ್ಕೊಂಡು. ಆ ಜಾರೋದು ಇದೆಯಲ್ಲ, ಅದು ನನ್ನ ಪಾಲಿಗೆ ಬರುತ್ತೆ. ಬೆಂಗಳೂರಿನ ಕೆಂಪು ಮಣ್ಣು ಬಿಳೀ ಪ್ಯಾಂಟಿಗೆ ಹತ್ತಿದ್ರೆ ಯಾವ ಸೋಪಿಗೂ ಬಗ್ಗಲ್ಲ. ಮೊದಲು ಒಣಗಿಸಿ, ಬ್ರಷ್ ಹೊಡೆದು, ಆಮೇಲೆ ನೀರಿಗೆ ಹಾಕ್ಬೇಕು. ನೀರಿಗೆ ಮೊದಲೇ ಹಾಕಿದ್ರೋ, ಮುಗೀತು.

ಅವನ ಕಾಲೇಜಲ್ಲಿ ಈ ಆಟ ಕಲಿಸಿದ್ದು ಒಬ್ಬ ಪಾರ್ಟ್ ಟೈಮ್ ಕೋಚ್. ಹೆಸರು ಬೇಡ, ಕಾಲೇಜಿನ ಹೆಸರೂ ಬೇಡ. ರಾಜ್ಯಕ್ಕೆ ಆಡಿದ್ದ ಮನುಷ್ಯ, ನಲವತ್ತು ದಾಟಿದೆ. ಬೆಳಗ್ಗೆ ಆರರಿಂದ ಎಂಟೂವರೆ ಮೈದಾನದಲ್ಲಿ, ಆಮೇಲೆ ಅಣ್ಣನ ಝೆರಾಕ್ಸ್ ಅಂಗಡಿಯಲ್ಲಿ, ಸಂಜೆ ಮತ್ತೊಂದು ಸ್ಕೂಲಲ್ಲಿ. ಮೈದಾನದಲ್ಲಿ ನಾಲ್ಕೂ ಭಾಷೆಯಲ್ಲಿ ಬೈತಾರಂತೆ, ಯಾವ ಹುಡುಗನಿಗೆ ಯಾವ ಭಾಷೆಯಲ್ಲಿ ಬೈದ್ರೆ ನಾಟುತ್ತೆ ಅಂತ ಅವರಿಗೆ ಗೊತ್ತು. ಒಂದು ಸಲ ಟೂರ್ನಮೆಂಟಿಗೆ ಹೋಗ್ವಾಗ ನಾನು ಹದಿನೆಂಟು ಜನಕ್ಕೆ ಪುಳಿಯೋಗರೆ ಕಟ್ಟಿಕೊಟ್ಟಿದ್ದೆ. ಡಬ್ಬಿ ವಾಪಸ್ ಕೊಡೋಕೆ ಅವರೇ ಬಂದ್ರು. ತೊಳೆದು, ಒಳಗೆ ಸ್ವಲ್ಪ ಸಕ್ಕರೆ ಹಾಕಿ. ಖಾಲಿ ಡಬ್ಬಿ ಕೊಡಬಾರ್ದು ಅಂತ ಅವರ ತಾಯಿ ಹೇಳಿದ್ರಂತೆ.

ಆವತ್ತು ಕಾಫಿ ಕುಡೀತಾ ಮಾತಿಗೆ ಮಾತು ಬಂದು ತಿಳೀತು. ಅವರಿಗೆ ತಿಂಗಳಿಗೆ 9 ಸಾವಿರ. ಅದೂ ವರ್ಷಕ್ಕೆ ಹತ್ತೇ ತಿಂಗಳು. ಏಪ್ರಿಲ್, ಮೇ ರಜದಲ್ಲಿ ಇಲ್ಲ. ನೇಮಕದ ಕಾಗದ ಅಂತ ಒಂದೂ ಇಲ್ಲ, ಪಿ.ಎಫ್. ಇಲ್ಲ. ಆ 9 ಸಾವಿರದಲ್ಲೇ ಹುಡುಗರಿಗೆ ಬಾಳೆಹಣ್ಣು, ಮೊಟ್ಟೆ. ಒಬ್ಬನ ಕೈ ಉಳುಕಿದಾಗ ಎಕ್ಸರೇ ದುಡ್ಡು ಕೂಡ ಅವರದೇ ಜೇಬು. ಟ್ರೋಫಿ ಮಾತ್ರ ಪ್ರಿನ್ಸಿಪಾಲರ ರೂಮಿನ ಗಾಜಿನ ಬೀರುವಿನಲ್ಲಿ. ಕಾಲೇಜ್ ಡೇ ದಿನ ಟೀಮಿನ ಫೋಟೋ ತೆಗೆಯುವಾಗ ಮುಂದಿನ ಕುರ್ಚಿಯಲ್ಲಿ ಆಡಳಿತ ಮಂಡಳಿಯವರು ಕೂತ್ರು, ಈ ಮನುಷ್ಯ ಹಿಂದಿನ ಸಾಲಲ್ಲಿ ತುದಿಗೆ ನಿಂತಿದ್ರು. ಆ ಫೋಟೋ ನಮ್ಮನೆ ಹಾಲಲ್ಲಿ ಇದೆ. ಅರ್ಧ ಮುಖ ಕಾಣುತ್ತೆ.

ನನ್ನ ಮಗ ಆಗ್ಬೇಕು ಅಂತಿರೋದು ಇವರ ಥರ. ನನ್ನ ಹೊಟ್ಟೆಯಲ್ಲಿ ಏನಾಗಿರ್ಬೇಕು ಹೇಳಿ.

ನಾದಿನಿ ಮಗಳು ಅಮೆರಿಕದಲ್ಲಿದ್ದಾಳೆ, ಭಾನುವಾರ ವಿಡಿಯೋ ಕಾಲ್ ಮಾಡ್ತಾಳೆ. ಅವಳ ಮಗನೂ ಬೇಸ್‌ಬಾಲ್ ಆಡ್ತಾನೆ, ಹಾಗಾಗಿ ಅವಳನ್ನೇ ಕೇಳಿದೆ, “ಅಲ್ಲಿ ಈ ಕೋಚ್‌ಗಳು ಏನು ಓದಿರ್ತಾರಮ್ಮ, ಮುಂಚೆ ಏನಾಗಿದ್ದೋರು?” ಅವಳು ಹೇಳಿದ್ದು, ನಾನು ಆಮೇಲೆ ಮಗನ ಕೈಲಿ ಹುಡುಕಿಸಿ ಓದಿಸಿದ್ದು ಎಲ್ಲಾ ಸೇರಿ ಒಂದು ಕಥೆಯೇ ಆಯ್ತು.

ಅಲ್ಲಿ ಕಾಲೇಜ್ ಬೇಸ್‌ಬಾಲ್ ಅಂದ್ರೆ ದೊಡ್ಡ ವ್ಯವಹಾರ. ರಾಡ್ ಡೆಡೋ ಅಂತ ಒಬ್ಬರು ಇದ್ರಂತೆ, ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಕೋಚ್. ಆಟಗಾರರಾಗಿ ಅವರು ದೊಡ್ಡ ಲೀಗಲ್ಲಿ ಆಡಿದ್ದು ಬರೀ ಎರಡು ಪಂದ್ಯ, 1935ರಲ್ಲಿ. ಆದ್ರೆ ಕೋಚ್ ಆಗಿ 1942ರಿಂದ 1986ರವರೆಗೆ 45 ಸೀಸನ್, 11 ರಾಷ್ಟ್ರೀಯ ಪ್ರಶಸ್ತಿ. ಸಂಬಳ ವರ್ಷಕ್ಕೆ ಒಂದು ಡಾಲರ್! ಅವರಿಗೆ ಸ್ವಂತ ಲಾರಿ ಕಂಪನಿ ಇತ್ತು, ಒಂದು ಡಾಲರ್ ತಗೊಂಡ್ರೂ ಮನೆ ನಡೀತಿತ್ತು. ನಮ್ಮ ಮೈದುನನಿಗೆ ಫ್ಯಾಕ್ಟ್ರಿ, ಅವರಿಗೆ ಲಾರಿ. ಸ್ಕಿಪ್ ಬರ್ಟ್‌ಮನ್ ಅನ್ನೋರು ಬಂದ ದಾರಿ ಬೇರೆ: ಮೊದಲು ಹೈಸ್ಕೂಲ್ ಹುಡುಗರ ಕೋಚ್, ಆಮೇಲೆ ಒಂದು ಯೂನಿವರ್ಸಿಟಿಯಲ್ಲಿ ಸಹಾಯಕ, ಆಮೇಲೆ ಲೂಸಿಯಾನ ಸ್ಟೇಟ್‌ನಲ್ಲಿ ಮುಖ್ಯ ಕೋಚ್ ಆಗಿ 1991ರಿಂದ 2000ದೊಳಗೆ ಐದು ಸಲ ರಾಷ್ಟ್ರೀಯ ಪ್ರಶಸ್ತಿ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿದೋರು. ಅಲ್ಲಿ ಹೆಚ್ಚಿನೋರದು ಹಿಂಗೇನೇ: ಕಾಲೇಜಲ್ಲಿ ಆಡಿದ್ರು, ಚಿಕ್ಕ ಲೀಗಲ್ಲಿ ಒಂದೆರಡು ವರ್ಷ ಅಲೆದ್ರು, ಮೇಲೆ ಹೋಗೋಕೆ ಆಗಲಿಲ್ಲ, ವಾಪಸ್ ಕಾಲೇಜಿಗೆ ಬಂದು ಸಹಾಯಕ ಆದ್ರು.

ಕೇಳಿ, ಇಲ್ಲೇ ನಾನು ಸೌಟು ಕೆಳಗಿಟ್ಟು ಕೂತದ್ದು. ಅಲ್ಲಿನ ಮೊದಲ ದರ್ಜೆ ಕಾಲೇಜ್ ತಂಡಕ್ಕೆ ಒಬ್ಬ ಮುಖ್ಯ ಕೋಚ್, ಇಬ್ಬರು ಸಂಬಳದ ಸಹಾಯಕರು, ಇನ್ನೊಬ್ಬ ‘ವಾಲಂಟಿಯರ್’. ಆ ನಾಲ್ಕನೆಯವನು ಮಿಕ್ಕವರಷ್ಟೇ ದುಡೀಬೇಕು, ಕಾಲೇಜು ಅವನಿಗೆ ಸಂಬಳ ಕೊಡೋ ಹಾಗಿಲ್ಲ. ನಿಯಮವೇ ಹಂಗೆ ಬರೆದಿದ್ರು! ಅವನು ಬೇಸಿಗೆ ಶಿಬಿರ, ಪ್ರೈವೇಟ್ ಪಾಠ ಅಂತ ಮಾಡ್ಕೊಂಡು ಬದುಕ್ಬೇಕು. ಕೋಟಿ ಕೋಟಿ ಓಡಾಡೋ ದೇಶದಲ್ಲಿ. 2023ರ ಜುಲೈನಿಂದ ಆ ಪುಕ್ಕಟೆ ಹುದ್ದೆ ತೆಗೆದು ಹಾಕಿ ಸಂಬಳದ ಜಾಗ ಮಾಡಿದ್ದಾರೆ. ಸಂಬಳ ಸಿಗದೆ ದುಡಿದ ಕೋಚ್‌ಗಳು ಕೋರ್ಟಿಗೂ ಹೋದ್ರು.

ವಾಲಂಟಿಯರ್! ಅಂದ್ರೆ ಸ್ವಂತ ಇಷ್ಟದಿಂದ ಮಾಡೋರು. ಈ ಮಾತು ನನಗೆ ಚೆನ್ನಾಗಿ ಗೊತ್ತು ಕಣ್ರೀ. ಮೂವತ್ತೊಂದು ವರ್ಷದಿಂದ ಬೆಳಗ್ಗೆ ಐದಕ್ಕೆ ಎದ್ದು ಒಲೆ ಹಚ್ತೀನಿ. ಜನಗಣತಿಯವರು ಬಂದು “ಏನ್ ಕೆಲಸ ಮಾಡ್ತೀರಮ್ಮ?” ಅಂದಾಗ ನಮ್ಮನೆಯವರು ಒಳಗಿಂದಲೇ “ಮನೇಲೇ ಇರ್ತಾರೆ” ಅಂದಿದ್ರು. ಕೆಲಸಕ್ಕೆ ಪ್ರೀತಿ ಅಂತ ಹೆಸರಿಟ್ರೆ ದುಡ್ಡು ಕೊಡೋದು ತಪ್ಪುತ್ತೆ. ಕೋಚ್‌ಗೂ ಅದೇ: ಆಟದ ಮೇಲಿನ ಪ್ರೀತಿಗೆ ಮಾಡ್ತಾರೆ, ಅವರಿಗೆ ದುಡ್ಡಿನ ಮೇಲೆ ಆಸೆ ಇಲ್ಲ. ಆಸೆ ಇಲ್ಲದಿದ್ರೂ ಹಸಿವು ಇರುತ್ತಲ್ಲ?

ನಮ್ಮನೆಯವರ ವಾದ ಬೇರೆ. ಅದನ್ನೂ ಹೇಳ್ಬೇಕು, ಅವರು ಈ ಬರಹ ಓದ್ತಾರೆ. “ಒಳ್ಳೇ ಆಟಗಾರನಾಗಿದ್ರೆ ಆಡ್ತಿದ್ದ. ಆಡೋಕೆ ಆಗ್ದೋನು ಕೋಚ್ ಆಗ್ತಾನೆ. ಇವನು ರಾಜ್ಯ ತಂಡಕ್ಕೇ ಸೆಲೆಕ್ಟ್ ಆಗ್ಲಿಲ್ಲ, ಇವನೇನು ಕಲಿಸ್ತಾನೆ?” ಅಂತಾರೆ. ಇದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಬರೋ ಮಾತು, ತಪ್ಪು ಮಾತು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರು ಸ್ಕೂಲ್ ಮೇಷ್ಟ್ರಾಗಿದ್ದೋರು. ಅವರು ಕೋಚ್ ಆಗಿದ್ದಾಗಲೇ 1951, 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ಆ 1956ರ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯ ಇದ್ರು, 1962ರಲ್ಲಿ ಅರುಮೈನಾಯಗಂ. ಕ್ಯಾನ್ಸರ್ ಇಟ್ಕೊಂಡು ಜಕಾರ್ತಾಗೆ ಹೋಗಿ ಗೆಲ್ಲಿಸಿ, ಮುಂದಿನ ವರ್ಷ ತೀರ್ಕೊಂಡ್ರು. 2024ರಲ್ಲಿ ಅಜಯ್ ದೇವಗನ್ ಸಿನಿಮಾ ಬಂತಲ್ಲ, ಆವಾಗ ನಮ್ಮನೆಯವರೇ ಟವೆಲ್‌ನಲ್ಲಿ ಕಣ್ಣು ಒರೆಸ್ಕೊಂಡ್ರು. ಸಿನಿಮಾದ ಕೋಚ್‌ಗೆ ಅಳ್ತಾರೆ, ಮನೇಲಿ ಒಬ್ಬ ಆಗ್ತೀನಿ ಅಂದ್ರೆ ಬೈತಾರೆ.

2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷ ಆದ್ಮೇಲೆ ಸಂತೋಷ್ ಟ್ರೋಫಿ ಗೆದ್ದಿತು, ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3-2. ಕೋಚ್ ರವಿ ಬಾಬು ರಾಜು. ನಮ್ಮ ಬೀದಿಯಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತು ಅಂತ ಕೇಳ್ಕೊಂಡು ಹೋದೆ. ಫುಟ್‌ಬಾಲ್ ಹುಚ್ಚಿನ ಬೀದಿಯಲ್ಲಿ ಮೂರು ಜನ ಹೇಳಿದ್ರು, ಒಬ್ಬರು ನಮ್ಮ ಮೈದುನ.

ಎಲ್ಲರಿಗೂ ಗೊತ್ತಿರೋ ಕೋಚ್ ಅಂದ್ರೆ ದ್ರಾವಿಡ್. ಇಂದಿರಾನಗರದ ಟ್ರಾಫಿಕ್ಕಲ್ಲಿ ಬ್ಯಾಟ್ ಹಿಡಿದು ಕೂಗಾಡೋ ಜಾಹೀರಾತು ನೋಡಿ ನಾನು ಎಷ್ಟು ನಕ್ಕಿದ್ದೀನೋ. ಅವರು ಆಡಿ ಹೆಸರು, ದುಡ್ಡು ಎರಡೂ ಮಾಡಿ ಆಮೇಲೆ ಕೋಚ್ ಆದೋರು, ಅವರ ಲೆಕ್ಕ ಬೇರೆ. ಆದ್ರೆ ಅವರದು ಒಂದು ವಿಷಯ ನನಗೆ ಮರೆಯೋಕಾಗಲ್ಲ. 2018ರಲ್ಲಿ ಅಂಡರ್-19 ಹುಡುಗರು ವಿಶ್ವಕಪ್ ಗೆದ್ದಾಗ ಬೋರ್ಡ್ ಅವರಿಗೆ 50 ಲಕ್ಷ, ಜೊತೆಗಿದ್ದ ಸಿಬ್ಬಂದಿಗೆ ತಲಾ 20 ಲಕ್ಷ ಅಂತ ಹೇಳಿತ್ತು. ಈ ಭೇದ ಯಾಕೆ ಅಂತ ಅವರು ಒಪ್ಪಲಿಲ್ಲ. ಕೊನೆಗೆ ಎಲ್ಲರಿಗೂ 25 ಲಕ್ಷ ಆಯ್ತು. ಚಿಕ್ಕ ಹುಡುಗನಾಗಿದ್ದಾಗ ಅವರನ್ನ ಬೇಸಿಗೆ ಶಿಬಿರದಲ್ಲಿ ಗುರುತಿಸಿ ತಿದ್ದಿದ್ದು ಕೇಕಿ ತಾರಾಪೂರ್ ಅನ್ನೋ ಕೋಚ್. ಇಂಥೋರ ಕೈಯಲ್ಲಿ ಬೆಳೆದೋರಿಗೆ ಕೂಲಿ ಹಂಚೋದು ಹೆಂಗೆ ಅಂತ ಗೊತ್ತಿರುತ್ತೆ ಅನ್ಸುತ್ತೆ.

ಕಾಲೇಜುಗಳನ್ನ ಬೈಯೋದು ಸುಲಭ. ನಾನೂ ಏನು ಕಮ್ಮಿ ಇಲ್ಲ. ದೊಡ್ಡೋನಿಗೆ ಅಕೌಂಟ್ಸ್ ಟ್ಯೂಷನ್ ಸೇರಿಸಿದಾಗ ಸಾರ್ ಎಷ್ಟು ಹೇಳಿದ್ರೋ ಅಷ್ಟು ಕವರಲ್ಲಿ ಹಾಕಿ ಎರಡು ಕೈಯಲ್ಲಿ ಕೊಟ್ಟೆ. ಚಿಕ್ಕೋನ ಬೇಸಿಗೆ ಶಿಬಿರಕ್ಕೆ 1500 ಅಂದಾಗ, “ಏನ್ ಸಾರ್, ಮಕ್ಕಳು ಓಡೋದಕ್ಕೂ ದುಡ್ಡಾ, ಸಾವಿರ ತಗೊಳ್ಳಿ” ಅಂತ ಸೊಪ್ಪಿನವಳ ಹತ್ರ ಚೌಕಾಸಿ ಮಾಡೋ ಹಂಗೆ ಮಾಡಿದೆ. ಅವರು ನಕ್ಕು ಸಾವಿರ ತಗೊಂಡ್ರು. ಆ ಐನೂರು ಈಗ ಚುಚ್ತಾ ಇದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಸ್ಪೋರ್ಟ್ಸ್ ಕೋಟಾದಲ್ಲಿ ಹುಡುಗರನ್ನ ಸೇರಿಸ್ಕೊಂಡು, ಟ್ರೋಫಿ ಫೋಟೋನ ಅಡ್ಮಿಷನ್ ಪುಸ್ತಕದಲ್ಲಿ ಹಾಕೋ ಕಾಲೇಜು, ಆ ಹುಡುಗರನ್ನ ತಿದ್ದೋನಿಗೆ ಒಂದು ನೇಮಕದ ಕಾಗದ ಕೊಡ್ಲಿ. ವರ್ಷಕ್ಕೆ ಹನ್ನೆರಡು ತಿಂಗಳು ಅಂತ ಕ್ಯಾಲೆಂಡರಲ್ಲೇ ಇದೆ, ಹನ್ನೆರಡು ತಿಂಗಳ ಸಂಬಳ ಕೊಡ್ಲಿ. ಪಿ.ಎಫ್. ಕಟ್ಲಿ. ಅಪ್ಪ ಅಮ್ಮ ಆದೋರು ಮಾರ್ಕ್ಸ್ ಕಾರ್ಡ್ ಕೇಳೋ ಹಂಗೆ, ಅಡ್ಮಿಷನ್ ದಿನವೇ “ನಿಮ್ಮ ಕೋಚ್ ಪರ್ಮನೆಂಟಾ?” ಅಂತ ಒಂದು ಪ್ರಶ್ನೆ ಕೇಳ್ಲಿ. ನಮ್ಮನೆಯವರು ಇದಕ್ಕೆ, “ಮೈದಾನವೇ ಇಲ್ದ ಕಾಲೇಜಿಗೆ ಕೋಚ್ ಸಂಬಳ ಎಲ್ಲಿಂದ ತರ್ತಾರೆ? ಫೀಸ್ ಏರಿಸ್ತಾರೆ, ಕಟ್ಟೋಳು ನೀನೇ” ಅಂದ್ರು. ಅದಕ್ಕೆ ನನ್ನ ಹತ್ರ ಪೂರಾ ಉತ್ತರ ಇಲ್ಲ. ಏರಿಸ್ತಾರೆ, ನಿಜ. ಆದ್ರೆ ಯೂನಿಫಾರ್ಮು, ಬಿಲ್ಡಿಂಗ್ ಫಂಡು, ಅದು ಇದು ಅಂತ ಏರಿಸಿದಾಗ ಬಾಯಿ ಮುಚ್ಕೊಂಡು ಕಟ್ಟಿಲ್ವಾ?

ಮಗನ ಹತ್ರ ಶುಕ್ರವಾರ ರಾತ್ರಿ ಕೂತು ಮಾತಾಡಿದೆ. ನನ್ನ ಷರತ್ತು ಹೇಳಿದೆ. ಬಿ.ಪಿ.ಎಡ್.ಗೆ ನಿಲ್ಲೋ ಹಾಗಿಲ್ಲ, ಎಂ.ಪಿ.ಎಡ್. ಮಾಡ್ಬೇಕು, ಕೆಸೆಟ್ ಬರೀಬೇಕು. ಮಧ್ಯದಲ್ಲಿ ಎಲ್ಲಿ ಕೋಚಿಂಗ್‌ಗೆ ಹೋದ್ರೂ ಮೊದಲನೇ ದಿನವೇ ಸಂಬಳ ಎಷ್ಟು, ಎಷ್ಟು ತಿಂಗಳಿಗೆ ಅಂತ ಬಾಯಿಬಿಟ್ಟು ಕೇಳ್ಬೇಕು, ನಾಚ್ಕೋಬಾರ್ದು.

“ಹಂಗೆ ಕೇಳಿದ್ರೆ ಬೇರೆಯೋನನ್ನ ತಗೋತಾರಮ್ಮ.”

“ತಗೊಳ್ಲಿ. ಅವರಮ್ಮನೂ ಕೇಳು ಅಂತ ಹೇಳಿರ್ಲಿ ಅಂತ ದೇವರಿಗೆ ಕೈ ಮುಗಿಯೋಣ.”

ಅವರಪ್ಪ ಏನೂ ಅನ್ನಲಿಲ್ಲ. ಎದ್ದು ಹೋಗಿ ಟಿ.ವಿ. ಶಬ್ದ ಜಾಸ್ತಿ ಮಾಡಿದ್ರು. ಅದು ಒಪ್ಪಿಗೆಯೋ ಕೋಪವೋ ಇನ್ನೂ ಗೊತ್ತಾಗಿಲ್ಲ. ಕಂಪನಿಯವರಿಗೆ ಉತ್ತರ ಕೊಡೋಕೆ ಬುಧವಾರದವರೆಗೆ ಟೈಮ್ ಇದೆ. ಚೀಟಿ ದುಡ್ಡು 60 ಸಾವಿರ ಬಂದಿದ್ದು ಬೀರುವಿನಲ್ಲಿ ರೇಷ್ಮೆ ಸೀರೆ ಕೆಳಗೆ ಇದೆ, ಅದು ಗ್ಯಾಸ್ ಕಟ್ಟೆಗೆ ಗ್ರಾನೈಟ್ ಹಾಕ್ಸೋಕೆ ಅಂತ ಎತ್ತಿಟ್ಟದ್ದು. ಅರ್ಜಿಯಲ್ಲಿ ಪೋಷಕರ ಸಹಿ ಅಂತ ಇರೋ ಜಾಗದಲ್ಲಿ ನನ್ನ ಹೆಸರು ಕನ್ನಡದಲ್ಲೇ ಬರೆದೆ. ಒಂದು ಮೂಲೆಗೆ ಕೆಂಪು ಮಣ್ಣು ಹತ್ತಿತ್ತು, ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಮಡಿಕೆ ಬಿಡಿಸಿದೆ. ಮಡಿಕೆ ಹೋಯ್ತು, ಮಣ್ಣು ಹೋಗಲಿಲ್ಲ.